ಐದು ನನ್ನ ಕೈಯವು, ಒಂದು ರೋಬೋಟಿನದು

ಮಂಡ್ಯ
ಗುರುವಾರ, 17 ಜುಲೈ 2025

ವೀಣಾ, ನನ್ನ ತಂಗಿ,

ಉಳಿದಿದ್ದ ಒಂದು ಭ್ರೂಣವೂ ಇವತ್ತು ಬೆಳವಣಿಗೆ ನಿಲ್ಲಿಸಿದೆ. ಬೆಳಿಗ್ಗೆ ಎಂಟಕ್ಕೆ ನೋಡಿ ಹೇಳಿದವಳು ನನ್ನ ಜೊತೆ ಲ್ಯಾಬಿನಲ್ಲಿರುವ ಸೌಮ್ಯ. ಆಮೇಲೆ ನಾನೂ ನೋಡಿದೆ. ನಿನ್ನೆ ನಾಲ್ಕು ಕೋಶಗಳಿದ್ದವು, ಇವತ್ತೂ ನಾಲ್ಕೇ. ಡಾಕ್ಟರು ಮಧ್ಯಾಹ್ನ ನಿನಗೆ ಫೋನ್ ಮಾಡಿದ್ದಾರೆ. ಅವರಿಗೆ ಗೊತ್ತಿರುವುದು ಅಷ್ಟೇ. ಉಳಿದದ್ದನ್ನು ಫೋನಿನಲ್ಲಿ ಹೇಳಲು ಎರಡು ಸಲ ನಿನ್ನ ನಂಬರು ಒತ್ತಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಸೋಮವಾರ ನಿನ್ನಿಂದ ತೆಗೆದ ಅಂಡಾಣುಗಳು ಆರು. ಒಂದೊಂದರ ಒಳಗೂ ಶಿವರಾಜುವಿನ ಒಂದೊಂದು ವೀರ್ಯಾಣುವನ್ನು ಗಾಜಿನ ಸೂಜಿಯಿಂದ ಬಿಡಬೇಕು. ಹದಿನಾಲ್ಕು ವರ್ಷದಿಂದ ಅದು ನನ್ನ ಕೈಕೆಲಸ. ಯುಗಾದಿ ಕಳೆದ ಮೇಲೆ ಲ್ಯಾಬಿಗೆ ರೋಬೋಟ್ ಬಂದಿದೆ. ಕ್ಯಾಮೆರಾದಲ್ಲಿ ನೋಡಿಕೊಂಡು ಅದೇ ಸೂಜಿ ಹಾಕುತ್ತದೆ. ನಾವು ಪರದೆಯ ಮುಂದೆ ಕೂತಿದ್ದರೆ ಸಾಕು.

ನೀನು ಒಪ್ಪಲಿಲ್ಲ. "ಆ ಮಿಸಿನ್ಗೆ ನಾನೇನಾಗ್ಬೇಕು? ನಿನ್ ಕೈಲೇ ಮಾಡು ಬುಡಕ್ಕ" ಅಂದೆ. ನಮ್ಮ ಕೊಪ್ಪದ ಗದ್ದೆಯಲ್ಲಿ ನಾಟಿಯ ಮೊದಲ ಹಿಡಿ ಪೈರನ್ನು ಇವತ್ತಿಗೂ ನನ್ನಿಂದಲೇ ನೆಡಿಸುತ್ತಾರೆ, ಕೈಗುಣ ಒಳ್ಳೆಯದು ಅಂತ. ಅವ್ವ ಅದಕ್ಕಾಗಿ ನನಗೆ ರಜೆ ಹಾಕಿಸುತ್ತಾಳೆ. ಇಷ್ಟು ಓದಿದವಳು ನಕ್ಕು ಸುಮ್ಮನಾಗಬೇಕಿತ್ತು. ನಾನೂ ನಂಬಿದೆ.

ನಿನಗೆ ಹೇಳದ ಸಂಗತಿ ಒಂದಿದೆ. ಜನವರಿಯಿಂದ ನನ್ನ ಬಲಗೈ ನಡುಗುತ್ತಿದೆ. ಕಾಫಿ ಲೋಟ ಹಿಡಿದಾಗ ಕಾಣುವುದಿಲ್ಲ, ಸೂಜಿ ಆಡಿಸುವಾಗ ಕಾಣುತ್ತದೆ. ರೋಬೋಟ್ ಬೇಕೆಂದು ಮೊದಲು ಕೇಳಿದವಳೂ ನಾನೇ. ಬೇರೆಯವರದ್ದನ್ನೆಲ್ಲ ಅದಕ್ಕೆ ಕೊಟ್ಟೆ. ನಿನ್ನದನ್ನು ಮಾತ್ರ ಕೈಯಲ್ಲಿ ಮಾಡಿದೆ.

ಮೊದಲನೆಯದು ಸೂಜಿ ತಾಗಿ ಒಡೆದಾಗಲೇ ನಿಲ್ಲಿಸಬೇಕಿತ್ತು. ಮುಂದಿನದು ಸರಿಹೋಗುತ್ತದೆ ಅಂದುಕೊಂಡೆ. ಎರಡು ಅಲ್ಲೇ ಒಡೆದವು, ಮೂರು ಮಾರನೆಯ ಬೆಳಿಗ್ಗೆಗೆ ಸತ್ತಿದ್ದವು. ಆರನೆಯದರ ಹೊತ್ತಿಗೆ ಸೌಮ್ಯ ನನ್ನ ಮಣಿಕಟ್ಟು ಹಿಡಿದು, "ಸಾಕು ಬುಡಿ ಮೇಡಂ, ಇದೊಂದ್ನಾರ ಅದುಕ್ ಕೊಡಿ" ಅಂದಳು. ಮೂರು ದಿನ ಬದುಕಿದ್ದು ಆ ಒಂದೇ. ಅದು ಯಾಕೆ ನಿಂತಿತೋ ಗೊತ್ತಿಲ್ಲ. ಆರನ್ನೂ ರೋಬೋಟಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಇನ್ನು ಯಾರೂ ಹೇಳಲಾರರು. ನಿನಗೆ ನಲವತ್ತೊಂದು. ಇದೇ ಕೊನೆಯ ಸಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ನಿನ್ನ ಅತ್ತೆ ಚಿಕ್ಕಬೋರಮ್ಮ ಸುಮ್ಮನಿರುವವರಲ್ಲ. "ನಮ್ ಬಂಡೂರಲ್ಲಿ ಗೊಡ್ಡು ಕುರಿನೂ ಇಷ್ಟು ಸತಾಯ್ಸಾಕಿಲ್ಲ ಕಣಮ್ಮ" ಎಂದು ನನ್ನೆದುರೇ ಅಂದವರು. ಈ ಸಲ ನೀನು ತಲೆ ತಗ್ಗಿಸಿ ಅಡುಗೆಮನೆಗೆ ಹೋಗಬೇಡ. ಈ ಕಾಗದವನ್ನು ಶಿವರಾಜು ಕೈಗೆ ಕೊಟ್ಟು ಅವರ ಮುಂದೆ ಗಟ್ಟಿಯಾಗಿ ಓದಿಸು. ಹಾಳಾದದ್ದು ನನ್ನ ಕೈಯಿಂದ ಎಂದು ಅವರ ಕಿವಿಗೆ ಬೀಳಲಿ.

ನಿನ್ನ
ವನಜಕ್ಕ

ಮೇಲೆ ಬರೆಯಲಾಗದೆ ಕೆಳಗೆ ಬರೆದದ್ದು: ಮಂಗಳವಾರ ನಿಮಗೆ ಕೊಟ್ಟ ವರದಿಯಲ್ಲಿ 'ಅಂಡಾಣುಗಳು ಮೊದಲೇ ದುರ್ಬಲವಾಗಿದ್ದವು' ಎಂಬ ಸಾಲಿದೆ. ಅದು ಸುಳ್ಳು. ಬರೆದವಳು ನಾನು, ಯಾರೂ ಹೇಳಿ ಬರೆಸಲಿಲ್ಲ. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಡಾಕ್ಟರ ಕೋಣೆಯಲ್ಲಿ ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡುವುದಿದೆ. ನೀವಿಬ್ಬರೂ ಇರಬೇಕು.