ಆ ಶನಿವಾರ ಮೆಟ್ಟಿಲು ಒರೆಸಿದ್ದು ಯಾರು

ಸ್ಟುಟ್‌ಗಾರ್ಟ್, ಹೆಸ್ಲಾಖ್
ಗುರುವಾರ, 24 ಫೆಬ್ರವರಿ 1983

ಪ್ರೀತಿಯ ಮಗ ಫೋಲ್ಕರ್‌ಗೆ,

ನಿನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ಆ ವಾರ ಮೆಟ್ಟಿಲು ಗುಡಿಸುವ ಸರದಿ ಬಂದವರ ಬಾಗಿಲಿಗೆ ತೂಗುಹಾಕುತ್ತೇವಲ್ಲ ಆ ಹಲಗೆ, ಅದು ಬೆಳೆದು ಬೆಳೆದು ನಮ್ಮ ಬಾಗಿಲಿನಷ್ಟೇ ಆಗಿತ್ತು. ಅದರ ಮೇಲೆ ನಿನ್ನ ಹೆಸರು. ಬೀದಿಯ ಜನವೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ನಾನು ಒದ್ದೆ ಬಟ್ಟೆಯಿಂದ ಉಜ್ಜಿದಷ್ಟೂ ಅಕ್ಷರ ಇನ್ನೂ ಕಪ್ಪಾಗುತ್ತಿತ್ತು. ಆದ್ದರಿಂದ ಮೊದಲು ಹೇಳು, ನೀನು ಚೆನ್ನಾಗಿದ್ದೀಯಾ? ಕೀಲ್‌ನ ಸಮುದ್ರದ ಗಾಳಿ ನೇರ ಎದೆಗೇ ಇಳಿಯುತ್ತದಂತೆ. ಉಣ್ಣೆಯ ಒಳಅಂಗಿ ಹಾಕಿಕೊಳ್ಳುತ್ತೀಯೋ ಇಲ್ಲವೋ? ಹಡಗುಕಟ್ಟೆಯಲ್ಲಿ ನಿನ್ನನ್ನು ಎತ್ತರಕ್ಕೆ ಹತ್ತಿಸುತ್ತಾರೋ? ಹತ್ತಿಸಿದರೆ ಹತ್ತಬೇಡ, ತಲೆಸುತ್ತು ಅಂತ ಹೇಳು. ಊಟಕ್ಕೆ ಬೇಳೆ, ಸಾಸೇಜು ಸಿಗುತ್ತದೋ, ಇಲ್ಲ ಆ ಕಡೆಯವರಂತೆ ಮೂರು ಹೊತ್ತೂ ಮೀನೇನೋ? ಬಾಂಬು ಬಿದ್ದು ಶಾಲೆ ಸುಟ್ಟುಹೋದ ದಿನವೇ ನನ್ನ ಓದೂ ಮುಗಿಯಿತು, ಅದು ನಿನಗೆ ಗೊತ್ತೇ ಇದೆ. ಕಾಗದದಲ್ಲಿ ತಪ್ಪು ಕಂಡರೆ ನಗಬೇಡ.

ಇಲ್ಲಿ ಒಂದರ ಹಿಂದೆ ಒಂದು ಅನಾಹುತ. ಮೂಲೆಯ ಬೇಕರಿಯವರು ಮಂಗಳವಾರ ಬ್ರೆತ್ಸೆಲ್ ರೊಟ್ಟಿಗಳಿಗೆ ಉಪ್ಪು ಹಾಕುವುದನ್ನೇ ಮರೆತರು. ಇಡೀ ಬೀದಿ ಸಪ್ಪೆ ಮುಖ ಮಾಡಿಕೊಂಡು ಓಡಾಡಿತು. ಹದಿನಾಲ್ಕನೇ ನಂಬರಿನ ಮನೆಯ ಹೊಗೆಗೂಡಿಗೆ ಬೆಂಕಿ ಹತ್ತಿ ಅಗ್ನಿಶಾಮಕದವರು ಬಂದರು. ಅವರ ಏಣಿ ತಗುಲಿ ಪಕ್ಕದ ಮನೆಯ ಹೂಕುಂಡ ಟ್ರಾಮ್ ಹಳಿಯ ಮೇಲೆ ಬಿತ್ತು. ಟ್ರಾಮ್ ಅರ್ಧ ಗಂಟೆ ನಿಂತಿತು, ಒಳಗಿದ್ದವರೆಲ್ಲ ಕಿಟಕಿಯಿಂದ ನಮ್ಮ ಮನೆಯನ್ನೇ ನೋಡಿದರು. ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಪರದೆ ಎಳೆದೆ. ಈಗೀಗ ಯಾರು ನೋಡಿದರೂ ಹಾಗೇ ಅನ್ನಿಸುತ್ತದೆ. ಅದಕ್ಕೆ ಕಾರಣ ಎದುರು ಬಾಗಿಲಿನ ಐಸೆಲೆಯಮ್ಮ. ಆ ಹೆಂಗಸಿಗೆ ನಾನು ತಕ್ಕ ಶಾಸ್ತಿ ಮಾಡಿದ್ದೇನೆ ಮಗನೇ. ಅದನ್ನು ಹೇಳುವುದಕ್ಕೇ ಈ ಕಾಗದ.

ಹೋದ ಸಲ ಆತುರದಲ್ಲಿ ಅರ್ಧ ಮಾತ್ರ ಬರೆದಿದ್ದೆ. ನೀನು ಹನ್ನೆರಡನೇ ತಾರೀಕು ಶನಿವಾರ ಹತ್ತು ಗಂಟೆಗೆ ಹೊರಟೆಯಲ್ಲ, ಅದಾದ ಮೂರನೇ ದಿನ ಮನೆ ಮಾಲೀಕ ಮುಂಡಿಂಗರ್ ಯಜಮಾನರು ಕಾರ್ನಿವಾಲ್ ಮುಖವಾಡ ತರಲು ನೆಲಮಾಳಿಗೆಗೆ ಇಳಿದರು. ಅವರ ಅಜ್ಜ ಮರದಲ್ಲಿ ಕೆತ್ತಿದ ಮುಖವಾಡ, ಮೂರು ತಲೆಮಾರು ಮೆರವಣಿಗೆಯಲ್ಲಿ ಹಾಕಿದ್ದು. ಅಲ್ಲಿ ಅವರ ಸಾಮಾನಿನ ಗೂಡಿನ ಬೀಗ ಮುರಿದಿತ್ತು, ಮುಖವಾಡ ಇರಲಿಲ್ಲ. ಮುದುಕರು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ಆಗ ಐಸೆಲೆಯಮ್ಮ ಎಲ್ಲರೆದುರು ಬಾಯಿ ಬಿಟ್ಟಳು. ತಾನು ಆ ಶನಿವಾರ ಹತ್ತು ಗಂಟೆ ಹೊತ್ತಿಗೆ ನೆಲಮಾಳಿಗೆಯ ಮೆಟ್ಟಿಲು ಒರೆಸುತ್ತಿದ್ದಳಂತೆ, ಬಾಯ್ಟೆಲ್ ಮನೆಯ ಹುಡುಗ, ಅಂದರೆ ನೀನು, ಕಂಕುಳಲ್ಲಿ ದುಂಡನೆಯ ಗಂಟು ಇಟ್ಟುಕೊಂಡು ಕೆಳಗಿನಿಂದ ಹತ್ತಿ ಬಂದನಂತೆ, ಒದ್ದೆ ಮೆಟ್ಟಿಲು ಜೋಪಾನ ಅಂತ ತಾನೇ ಹೇಳಿದಳಂತೆ. ನೀನು ನೆಲಮಾಳಿಗೆಗೆ ಕಾಲೇ ಇಟ್ಟಿಲ್ಲ ಎಂದು ಬರೆದಿದ್ದೀಯ. ನನಗೆ ಅಷ್ಟು ಸಾಕು. ಆದರೆ ಮುಂಡಿಂಗರ್ ಯಜಮಾನರಿಗೆ ಸಾಲದು. ಮಾರ್ಚ್ ಏಳನೇ ತಾರೀಕು ಸೋಮವಾರ ಎಲ್ಲರ ಹೇಳಿಕೆಗೂ ಸಹಿ ಹಾಕಿಸಿಕೊಂಡು ಪೊಲೀಸರಿಗೆ ಕೊಡುತ್ತಾರಂತೆ. ಕಳ್ಳ ನಮ್ಮ ಮನೆಯವನೇ ಎಂದು ತೀರ್ಮಾನವಾದರೆ ನಿನ್ನನ್ನು ಹಿಡಿಯಲು ಅಲ್ಲಿಗೇ ಬರುತ್ತಾರೆ, ನಾನು ಈ ಮನೆ ಬಿಡಬೇಕು. ಮದುವೆಯಾಗಿ ಬಂದ ವರ್ಷದಿಂದ ಮೂವತ್ತೊಂದು ವರ್ಷ ಇಲ್ಲೇ ಇದ್ದೇನೆ. ನಿನ್ನಪ್ಪ ತೀರಿಕೊಂಡದ್ದೂ ಇದೇ ಮನೆಯಲ್ಲಿ.

ಮೂರು ದಿನ ಗಂಟಲಲ್ಲಿ ಅನ್ನವಿಳಿಯಲಿಲ್ಲ. ನಾಲ್ಕನೇ ದಿನ ಹಗೆ ಹುಟ್ಟಿತು, ಹಸಿವೂ ಹುಟ್ಟಿತು. ಮೊದಲು ಸಣ್ಣದು ಮಾಡಿದೆ. ಹತ್ತೊಂಬತ್ತನೇ ತಾರೀಕಿನ ಶನಿವಾರ ಹಲಗೆ ಅವಳ ಬಾಗಿಲಲ್ಲಿತ್ತು. ಅವಳು ಗುಡಿಸಿ ಒರೆಸಿ ಒಳಗೆ ಹೋದ ಮೇಲೆ ನಿನ್ನಪ್ಪನ ಬಿಳಿ ಕರವಸ್ತ್ರ ತೆಗೆದುಕೊಂಡು ಮೂರು ಮಹಡಿಯ ಮೆಟ್ಟಿಲ ಕೈಕಂಬಿಯ ಅಡಿಭಾಗವನ್ನು ಒರೆಸಿದೆ. ಅಡಿಭಾಗವನ್ನು ಯಾರೂ ಒರೆಸುವುದಿಲ್ಲ, ನಾನೂ ಒರೆಸುವುದಿಲ್ಲ. ಕರಿ ಹತ್ತಿದ ಕರವಸ್ತ್ರವನ್ನು ಅವಳ ಹಲಗೆಗೇ ಪಿನ್ನು ಚುಚ್ಚಿ ಸಿಕ್ಕಿಸಿದೆ. ಮೇಲೆ ಹತ್ತುವವರು ಇಳಿಯುವವರು ಎಲ್ಲರೂ ನೋಡಿದರು. ಒಂದನೇ ಮಹಡಿಯ ರಾಪ್ ಇದ್ದಾರಲ್ಲ, ಟ್ರಾಮ್ ಕಂಡಕ್ಟರ್ ಆಗಿದ್ದವರು, ಅವರು ನಿಂತು ಮೂಸಿಯೂ ನೋಡಿದರು. ಸಂಜೆಯವರೆಗೆ ಅವಳು ಬಾಗಿಲು ತೆರೆಯಲಿಲ್ಲ. ನನಗೆ ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ ಬಂತು.

ಆದರೆ ನಿಜವಾದ ಶಾಸ್ತಿ ಮಾಡಿದ್ದು ಭಾನುವಾರ. ಅದಕ್ಕೆ ಮುಂಚೆ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ನೀನು ಹೊರಡುವ ವಾರ ನನ್ನ ಮೊಣಕಾಲು ಊದಿತ್ತಲ್ಲ, ನೀನೇ ಎಲೆಕೋಸಿನ ಎಲೆ ಕಟ್ಟಿ ಅಡುಗೆಮನೆಯಲ್ಲಿ ಕೂರಿಸಿದ್ದೆ. ಅದು ನಮ್ಮ ಸರದಿಯ ವಾರ. ಶುಕ್ರವಾರ ಐಸೆಲೆಯಮ್ಮ ನನ್ನ ಕುಂಟು ನೋಡಿ, ನಿಮ್ಮ ವಾರ ನಾನು ಮಾಡುತ್ತೇನೆ, ಕಾಲು ಮೇಲಿಟ್ಟು ಕೂತಿರಿ ಎಂದಳು. ಮೂವತ್ತೊಂದು ವರ್ಷದಲ್ಲಿ, ನಿನ್ನನ್ನು ಹೆತ್ತ ವಾರವೂ, ನಾನು ಸರದಿ ತಪ್ಪಿಸಿದವಳಲ್ಲ. ಹಲಗೆ ಆ ಕಡೆ ಹೋದರೆ ಕಟ್ಟಡದವರೆಲ್ಲ ಬಾಯ್ಟೆಲಮ್ಮನಿಗೆ ಕೈಲಾಗುವುದಿಲ್ಲ ಎನ್ನುತ್ತಾರೆ. ಹಲಗೆ ಮಾತ್ರ ನನ್ನ ಬಾಗಿಲಲ್ಲೇ ಇರಲಿ ಎಂದು ಬೇಡಿಕೊಂಡೆ. ಅವಳು ನಕ್ಕು ಒಪ್ಪಿದಳು. ಮರುದಿನ ಯಾರಿಗೂ ಕೇಳಿಸದ ಹಾಗೆ ಬಟ್ಟೆಯ ಚಪ್ಪಲಿ ಹಾಕಿಕೊಂಡು ನನ್ನದೇ ಬಕೆಟ್ಟು ಹಿಡಿದು ಇಳಿದಳು. ಇದು ನಮ್ಮಿಬ್ಬರಿಗೆ ಬಿಟ್ಟು ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲ.

ಭಾನುವಾರ ಚರ್ಚಿನಿಂದ ಬಂದವರೆಲ್ಲ ಕೆಳಗಿನ ಬಾಗಿಲಲ್ಲಿ ನಿಂತಿದ್ದಾಗ ನಾನು ಮುಂಡಿಂಗರ್ ಯಜಮಾನರನ್ನು ಕೇಳಿದೆ, ಆ ಶನಿವಾರ ಹಲಗೆ ಯಾರ ಬಾಗಿಲಲ್ಲಿತ್ತು ಎಂದು. ಅವರು ಗೋಡೆಯ ಮೇಲಿನ ಸರದಿ ಪಟ್ಟಿ ನೋಡಿದರು. ಬಾಯ್ಟೆಲ್. ಹಲಗೆ ನೋಡಿದವರೂ ಇಬ್ಬರಿದ್ದರು. ಹಾಗಾದರೆ ಐಸೆಲೆಯಮ್ಮನಿಗೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಏನು ಕೆಲಸವಿತ್ತು ಎಂದೆ. ರಾಪ್ ಪೈಪು ಬಾಯಿಂದ ತೆಗೆದರು.

"ತನ್ನ ವಾರವೇ ಕಂಬಿ ಕೆಳಗೆ ಕೈ ಹಾಕದವಳು, ಇನ್ನೊಬ್ಬರ ವಾರ ಒರೆಸೋಕೆ ಹೋಗಿದ್ದಳಂತೆ. ನಂಬೋಣ, ನಂಬೋಣ."

ಐಸೆಲೆಯಮ್ಮ ನನ್ನ ಮುಖ ನೋಡಿದಳು. ಬಾಯ್ಟೆಲಮ್ಮನ ಕಾಲು ಊದಿತ್ತು, ಅವರಿಗೆ ಇಳಿಯಲಾಗುತ್ತಿರಲಿಲ್ಲ ಎಂದು ಮೆಲ್ಲಗೆ ಹೇಳಿದಳು. ನನ್ನ ಕಾಲೇ? ಎಂದೆ. ಪ್ರಾರ್ಥನೆಯ ಪುಸ್ತಕ ಕಂಕುಳಿಗೆ ಸಿಕ್ಕಿಸಿ, ಕಂಬಿ ಮುಟ್ಟದೆ, ಎಲ್ಲರ ಕಣ್ಣೆದುರು ಐವತ್ತನಾಲ್ಕು ಮೆಟ್ಟಿಲು ಹತ್ತಿದೆ. ಊತ ಇನ್ನೂ ಇಳಿದಿಲ್ಲ ಮಗನೇ. ಇಪ್ಪತ್ತನೇ ಮೆಟ್ಟಿಲಿಗೆ ಕಣ್ಣಲ್ಲಿ ನೀರು, ನಲವತ್ತಕ್ಕೆ ಕಣ್ಣು ಕತ್ತಲೆ. ಹಲ್ಲು ಕಚ್ಚಿ ನಿನ್ನ ಹೆಸರು ಹೇಳಿಕೊಂಡು ಹತ್ತಿದೆ. ಕೆಳಗಿನಿಂದ ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಮೇಲೆ ತಲುಪಿ ತಿರುಗಿ ನಿಂತಾಗ ಅವಳು ಕೆಳಗಿನಿಂದ ಒಂದೇ ಮಾತು ಹೇಳಿದಳು.

"ಇಳಿಯುವಾಗ ಕಂಬಿ ಹಿಡ್ಕೊಂಡು ಇಳೀರಿ, ಬಾಯ್ಟೆಲಮ್ಮಾ."

ಎಂಥ ಕಪಟಿ ನೋಡು. ಅಂಥ ಹೊತ್ತಿನಲ್ಲೂ ಒಳ್ಳೆಯವಳಾಗುತ್ತಾಳೆ. ಅವತ್ತಿನಿಂದ ಕಟ್ಟಡದಲ್ಲಿ ಅವಳನ್ನು ಯಾರೂ ಮಾತಾಡಿಸುವುದಿಲ್ಲ. ಬೇಕರಿಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತದೆ. ಬೀಗ ಮುರಿದವಳು ಅವಳೇ ಇರಬಹುದು ಎಂದು ರಾಪ್ ಬೀದಿ ತುಂಬ ಹೇಳಿಕೊಂಡು ಬಂದಿದ್ದಾರೆ. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನನ್ನ ಮಗನ ಹೆಸರಿಗೆ ಮಸಿ ಬಳಿದವಳು ಅದರ ರುಚಿ ತಾನೂ ನೋಡಲಿ. ಆ ಶನಿವಾರ ಮೆಟ್ಟಿಲು ಒರೆಸಿದ್ದು ನಾನೇ, ಐಸೆಲೆ ಅಲ್ಲಿರಲಿಲ್ಲ ಎಂದು ಸೋಮವಾರ ಸಹಿ ಹಾಕಿದರೆ ಅವಳ ಮಾತು ನೆಲಕ್ಕೆ ಬಿತ್ತು. ಆಮೇಲೆ ಅವಳೇ ಮನೆ ಖಾಲಿ ಮಾಡಬೇಕಾಗುತ್ತದೆ, ಮಾಡಲಿ. ಅವಳಿಗೆ ಅರವತ್ತಾರು ವರ್ಷವಾದರೇನು, ನಾಲಿಗೆಗೆ ವಯಸ್ಸಾಗಿರಲಿಲ್ಲವಲ್ಲ.

ನನ್ನ ಬಗ್ಗೆ ಚಿಂತೆ ಮಾಡಬೇಡ. ಕಾಲಿಗೆ ಎಲೆಕೋಸು ಕಟ್ಟುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಜಗಳಗಂಟರ ಜೊತೆ ಸೇರಬೇಡ, ಕತ್ತಿಗೆ ಗಾಳಿ ತಾಗದಂತೆ ನೋಡಿಕೋ. ದೇವರು ನಿನ್ನ ತಲೆ ಮೇಲೆ ಕೈಯಿಟ್ಟಿರಲಿ.

ನಿನ್ನ ಅಮ್ಮ,
ರೋಸ್ವಿಟಾ ಬಾಯ್ಟೆಲ್

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಎರಡು ದಿನದಿಂದ ಬರೆಯಲೋ ಬೇಡವೋ ಎಂದಿದ್ದೆ. ಮೊನ್ನೆ ಮಂಗಳವಾರ ಐಸೆಲೆಯಮ್ಮ ನನ್ನ ಬಾಗಿಲಿಗೆ ಬಂದಿದ್ದಳು. ಜಗಳಕ್ಕಲ್ಲ. ಗಂಟು ಯಾವ ಬಟ್ಟೆಯಲ್ಲಿತ್ತು ಎಂದು ತಾನು ಇದುವರೆಗೆ ಯಾರಿಗೂ ಹೇಳಿಲ್ಲ, ಮುಂದೆಯೂ ಹೇಳುವುದಿಲ್ಲ ಎಂದಳು. ನೀಲಿ ಚೌಕುಳಿಯ ಮೇಜುಬಟ್ಟೆಯಂತೆ, ಮೂಲೆಯಲ್ಲಿ ಚೆರ್ರಿ ಹಣ್ಣಿನ ಕಸೂತಿಯಂತೆ. ಅದು ನನ್ನ ಅಮ್ಮ ಹಾಕಿದ ಕಸೂತಿ. ಕ್ರಿಸ್‌ಮಸ್‌ಗೆ ಬಿಟ್ಟು ನಾನು ಅದನ್ನು ಹೊರಗೆ ತೆಗೆಯುವುದೇ ಇಲ್ಲ, ಅವಳು ಅದನ್ನು ಅದುವರೆಗೆ ನೋಡಿದವಳೂ ಅಲ್ಲ. ಕಪಾಟನ್ನು ಮೂರು ಸಲ ಬರಿದು ಮಾಡಿ ನೋಡಿದೆ, ಬಟ್ಟೆ ಇಲ್ಲ. ರೈಲಿಗೆಂದು ಬ್ರೆಡ್ಡು ಕಟ್ಟಿಕೊಂಡು ಹೋಗಿದ್ದೀಯೋ ಏನೋ. ಹಾಗಾಗಿ ಏಳನೇ ತಾರೀಕಿನ ಸೋಮವಾರದೊಳಗೆ ಮುಟ್ಟುವಂತೆ ಒಂದು ಕಾರ್ಡು ಹಾಕು. ನಿನ್ನ ಪೆಟ್ಟಿಗೆಯನ್ನು ತಳದವರೆಗೆ ಇನ್ನೊಂದು ಸಲ ನೋಡಿ, ಆ ಬಟ್ಟೆ ಇದೆಯೋ ಇಲ್ಲವೋ, ಅಷ್ಟು ಮಾತ್ರ ಬರೆ. ಅದರಲ್ಲಿ ಏನು ಸುತ್ತಿತ್ತು ಎಂದು ಬರೆಯಬೇಡ.