ನಿನ್ನದಲ್ಲದ ನಿನ್ನ ಸಹಿ

ಗದಗ, ೩೨ ಜೂನ್ ೨೧೩೧

ಅನುಪಮಾ ಹಾದಿಮನಿಗೆ,

ತಾರೀಖು ತಪ್ಪಿಲ್ಲ. ಜೂನ್ ಮುಗಿಯುವುದರೊಳಗೆ ಫಲಿತಾಂಶ ಕೊಡುವುದಾಗಿ ಮಾತು ಕೊಟ್ಟ ನಮ್ಮ ವಿಶ್ವವಿದ್ಯಾಲಯ, ಕೊಡಲಾಗದೆ ಜೂನನ್ನೇ ಎರಡು ದಿನ ಹಿಗ್ಗಿಸಿದೆ. ನನ್ನ ಕನ್ನಡ ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ಮಾತಾಡಲು ಜೊತೆಯಿಲ್ಲದ ನಾವು ಭಾಷೆಯನ್ನು ಹಬ್ಬದ ಬಟ್ಟೆಯಂತೆ ಕಪಾಟಿನಿಂದ ತೆಗೆದು ಬಳಸುವವರು. ನನ್ನ ಹೆಸರು ಇಂಚರ. ನೀನು ನನ್ನ ಮುತ್ತಜ್ಜಿಯ ತಾಯಿ. ಬಹುವಚನ ಕೊಡಬೇಕಿತ್ತು. ಆದರೆ ನಾಲ್ಕು ಜನರ ನಡುವೆ ಕೂರಲು ಒಲ್ಲದವಳಿಗೆ ಏಕವಚನವೇ ಒಪ್ಪುತ್ತದೆ.

ನೀನು ಓದುವ ಕಾಲೇಜಿನಲ್ಲೇ ನಾನೂ ಓದುತ್ತಿದ್ದೇನೆ. ಈಗ ಅದಕ್ಕೆ ಕಲಿಗೂಡು ಎನ್ನುತ್ತಾರೆ. ಒಬ್ಬರಿಗೊಂದು ಗೂಡು; ಬೆಳಿಗ್ಗೆ ಒಳಗೆ ಹೋದರೆ ಸಂಜೆ ಹೊರಗೆ. ನಿಮ್ಮ ಕ್ಯಾಂಟೀನಿದ್ದ ಜಾಗದಲ್ಲಿ ನುಂಗುಸಾಲು ಇದೆ. ಗೋಡೆಗೆ ಮುಖಮಾಡಿ ನಿಂತು, ಯಾರಿಗೂ ಒಂದು ತುತ್ತು ಕೊಡದೆ ಗಿರ್ಮಿಟ್ ನುಂಗುವ ವ್ಯವಸ್ಥೆ ಅದು. ಮಿರ್ಚಿ ಕಚ್ಚಿ ಕಣ್ಣಲ್ಲಿ ನೀರು ಬಂದರೂ ಪಕ್ಕದಲ್ಲಿ ನಗುವವರಿಲ್ಲ. ಕೂಡಿ ನಗಬೇಕಾದರೆ ಕಚೇರಿಯಿಂದ ನಗುಚೀಟಿ ತರಬೇಕು. ಚೀಟಿ ಬರುವ ಹೊತ್ತಿಗೆ ಜೋಕು ಹಳಸಿರುತ್ತದೆ. ಕ್ರಿಕೆಟ್ ತಂಡವೂ ಇದೆ. ಹನ್ನೊಂದು ಜನ ಹನ್ನೊಂದು ಗೂಡುಗಳಲ್ಲಿ ಗೋಡೆಗೆ ಚೆಂಡೆಸೆಯುತ್ತಾರೆ, ಪ್ರತಿ ವರ್ಷ ಗೋಡೆಯೇ ಗೆಲ್ಲುತ್ತದೆ. ನನ್ನ ಪಕ್ಕದ ಗೂಡಿನವಳ ಕೆಮ್ಮು ಮೂರು ವರ್ಷದಿಂದ ಗೊತ್ತು. ಹೆಸರು ಗೊತ್ತಿಲ್ಲ.

ಇದಕ್ಕೆಲ್ಲ ನೀನೇ ಕಾರಣ ಎಂದರೆ ಅತಿಯಾಯಿತು ಅನ್ನಬೇಡ, ದಾಖಲೆ ನನ್ನ ಕೈಯಲ್ಲಿದೆ. ಈ ಕಾಗದ ನಿನಗೆ ಸಿಗುವುದು ೨೦೨೬ರ ಒಂದು ಬುಧವಾರ. ನಾಳೆ ಗುರುವಾರ ಸಂಜೆ ನಾಲ್ಕಕ್ಕೆ ನಿಮ್ಮ ಸಭಾಂಗಣದಲ್ಲಿ ನಾಟಕ ಸಂಘದ ಮೊದಲ ಸಭೆ. ಏಳು ಜನ ಖುದ್ದಾಗಿ ಬಂದು ಸಹಿ ಹಾಕಿದರೆ ಮಾತ್ರ ಸಂಘ. ನೀನು ಮೂರೂವರೆಗೇ ಬ್ಯಾಗು ಹೆಗಲಿಗೇರಿಸಿ ಗೆಳತಿ ರೇವತಿ ಬೂದಿಹಾಳಳಿಗೆ ಹೇಳಲಿರುವ ಮಾತು ಇದು: "ನಾಟಕ ಗೀಟಕ ನಮಗ್ಯಾಕ ಬೇಕವಾ? ನಂದೂ ಒಂದ್ ಸಹಿ ನೀನಽ ಹೊಡದ್ಬಿಡು. ನಂಗ ನಾಲ್ಕರ ಬಸ್ ತಪ್ಪತೈತಿ."

"ಯವ್ವಾ, ಕ್ಲಾಸಿನ್ಯಾಗೂ ನಾನಽ ನೀನು, ಇಲ್ಲೂ ನಾನಽ ನೀನು. ನಿನ್ನ ಮದುವ್ಯಾಗೂ ನಾನಽ ಕುಂದರ್ಲೇನು?" ಎಂದು ರೇವತಿ ನಗುತ್ತಾ ಒಪ್ಪುತ್ತಾಳೆ. ಒಪ್ಪಿದವಳು ಗಡಿಬಿಡಿಯಲ್ಲಿ ನಿನ್ನ ಹೆಸರಿಗೆ ತನ್ನ ಅಡ್ಡಹೆಸರು ಅಂಟಿಸಿ 'ಅನುಪಮಾ ಬೂದಿಹಾಳ' ಎಂದು ಬರೆದುಬಿಡುತ್ತಾಳೆ. ಹಾಳೆ ನೋಡಿದ ಹಿರೇಮಠ ಸರ್ ಕನ್ನಡಕ ಏರಿಸಿ, "ಏನವಾ ರೇವತಿ, ಈಕಿ ನಿಮ್ಮ ಮನಿ ಸೊಸಿ ಯಾವಾಗ ಆದ್ಲು?" ಎಂದು ಕೇಳುತ್ತಾರೆ. ಎಲ್ಲರೂ ನಗುತ್ತಾರೆ. ಆಮೇಲೆ ಸರ್ ಅಡ್ಡಗೆರೆ ಎಳೆದು 'ಆರೇ ಜನ, ಸಂಘವಿಲ್ಲ' ಎಂದು ಬರೆಯುತ್ತಾರೆ. ಆಗ ಯಾರೂ ನಗುವುದಿಲ್ಲ. ಇದನ್ನೆಲ್ಲ ರೇವತಿ ಸಭೆಯ ವರದಿಯಲ್ಲಿ ಸಿಟ್ಟಿನಿಂದ ಒಂದಕ್ಷರ ಬಿಡದೆ ಬರೆದಿಟ್ಟಿದ್ದಾಳೆ. ಆ ಸಂಘ ಆಡಿದ ಮೊದಲ ಮತ್ತು ಕೊನೆಯ ನಾಟಕ ಅದೇ. ವರದಿಯ ಕೊನೆಯ ಸಾಲು: ಅನುಪಮಾ, ಅನುಪಸ್ಥಿತಾ.

ಮರುವರ್ಷ ಸಂಘ ಬೇಕೆಂದು ಯಾರೂ ಕೇಳಲಿಲ್ಲ. ಅದರ ಮರುವರ್ಷ, ಕೇಳಬಹುದು ಎಂಬುದೇ ಮರೆತುಹೋಯಿತು. ಈಗ ಆ ಸಭಾಂಗಣವೊಂದೇ ಗೂಡಾಗದೆ ಉಳಿದಿದೆ. ನಮ್ಮ ನಾಳೆ ಬೆಳಿಗ್ಗೆ ಹತ್ತಕ್ಕೆ ಬಡಗಿಗಳು ಅದನ್ನೂ ಸೀಳಲು ಬರುತ್ತಾರೆ. ವಿದ್ಯಾರ್ಥಿ ಸಂಘ ಒಮ್ಮೆಯಾದರೂ ಸೇರಿದ ಜಾಗವನ್ನು ಒಡೆಯುವಂತಿಲ್ಲ ಎಂಬ ಒಂದು ನಿಯಮ ಮಾತ್ರ ನಮ್ಮ ಪಾಲಿಗಿದೆ. ನೂರು ವರ್ಷದ ಕಡತ ಜಾಲಾಡಿದೆ. ಸಿಕ್ಕಿದ್ದು ರೇವತಿಯ ಆ ವರದಿ, ಜೊತೆಗೆ ಅಡ್ಡಗೆರೆ ಎಳೆದ ಆ ಒಂದೇ ಹಾಳೆ.

ನಟನೆ ಬರುವುದಿಲ್ಲ ಎಂಬ ನೆಪ ಬೇಡ. ಅರ್ಥವಾಗದ ಪಾಠಕ್ಕೆ ಮೂರು ವರ್ಷದಿಂದ ತಲೆಯಾಡಿಸುತ್ತಿರುವವಳು ನೀನು. ಪಾತ್ರ ಸಿಗದಿದ್ದರೆ ಪಾತ್ರೆ ತೊಳೆ, ಚಹಾ ಹಂಚು, ಪರದೆ ಎಳೆ. ಅಂಕ ಕಡಿಮೆಯಾಗುತ್ತದೆ ಎಂದು ಅಳಬೇಡ. ನಾಟಕದಲ್ಲೂ ಅಂಕಗಳಿರುತ್ತವೆ, ಮತ್ತು ನಿನ್ನ ಅಂಕಪಟ್ಟಿ ನೋಡಿದ್ದೇನೆ, ಕಳೆದುಕೊಳ್ಳುವಷ್ಟು ಅಲ್ಲೇನೂ ಇಲ್ಲ. ಬಸ್ಸು ಐದೂವರೆಗೆ ಇನ್ನೊಂದಿದೆ. ಹಳೆಯ ವೇಳಾಪಟ್ಟಿಯನ್ನೂ ತೆಗೆಸಿ ನೋಡಿದೆ. ಹಾಗಾಗಿ ನಿನಗೆ ಕಾರಣವಿಲ್ಲ, ಬರೀ ಸೋಮಾರಿತನವಿದೆ.

ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಕೈ ಬರುತ್ತಿಲ್ಲ. ನಾಳೆ ನೀನೇನು ಮಾಡುತ್ತೀಯೋ ನೋಡಿಕೊಂಡು ಬರೆದೇನು. ನಾಲ್ಕು ಗಂಟೆಗೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮೊಬೈಲ್ ತೀಡುತ್ತಾ ಕೂತಿದ್ದರೂ ಸರಿ, ಇನ್ನೂ ಹೊತ್ತು ಮೀರಿಲ್ಲ. ಸಭಾಂಗಣದಲ್ಲಿ ಆರು ಜನ ಬಂದು ಕೂತಿದ್ದಾರೆ.

ಏಳು.