ಬಣ್ಣದೊಳಗಿನ ಉಸುಕು

ಅಪ್ಪಾ,

ನೀನು ಹೋದಾಗಿನಿಂದ ಗೋಡೆಗೆ ಒರಗಿಸಿಟ್ಟಿದ್ದ, ನೀನು ಬಿಡಿಸಿದ ಸಾಣಾಪುರ ಕೆರೆಯ ಚಿತ್ರಕ್ಕೆ ಕಟ್ಟು ಹಾಕಿಸಲು ಗಂಗಾವತಿಯ ಶಬ್ಬೀರ ಅವರ ಅಂಗಡಿಗೆ ಕೊಟ್ಟಿದ್ದೆ. ಇವತ್ತು ತರಲು ಹೋದರೆ, ಪಾಪ, ಹೆಮ್ಮೆಯಿಂದ ಹೇಳಿದರು: "ಬಣ್ಣದಾಗ ಭಾಳ ಉಸುಕು ಕುಂತಿತ್ತು ನೋಡ್ರಿ. ಸೂಜೀಲೆ ಒಂದೂ ಬಿಡದಂಗ ತಗದೀನಿ."

ಅವರಿಗೇನು ಗೊತ್ತು? ಗಾಳಿ ಬೀಸಿ ಹಸಿ ಬಣ್ಣಕ್ಕೆ ಉಸುಕು ಮೆತ್ತಿಕೊಂಡರೆ ನೀನು ಮುಟ್ಟುತ್ತಲೇ ಇರಲಿಲ್ಲ. "ಕೆರಿ ದಂಡಿ ಉಸುಕು ಕೆರಿ ಚಿತ್ರದಾಗ ಇರಲಿ ಬಿಡವ್ವ" ಅನ್ನುವವನು. ಮನೆಯಲ್ಲಿ ಕೂತು ಒಂದು ಗೆರೆಯನ್ನೂ ತಿದ್ದಿದವನಲ್ಲ. ನಾನೋ, ಫ್ಯಾನಿನ ಕೆಳಗೆ ಮೊಬೈಲಿನ ಫೋಟೊ ನೋಡಿಕೊಂಡು ಬಂಡೆಯ ಚಿತ್ರ ಬಿಡಿಸುವವಳು. ಬುತ್ತಿ ಕಟ್ಟಿಕೊಂಡು ಹೊರಡುವಾಗಲೆಲ್ಲ ನೀನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ: "ಬರ್ತಿಯೇನ ಲಲಿತಾ?" ನನ್ನದು ಒಂದೇ ಉತ್ತರ: "ಬಿಸಲು ಭಾಳ ಐತಪ್ಪಾ."

ಶಬ್ಬೀರ ಅವರಿಗೆ ಕೈಮುಗಿದು ಚಿತ್ರ ತಂದೆ. ಮನೆಗೆ ಬಂದವಳೇ ನಿನ್ನ ಬಣ್ಣದ ಪೆಟ್ಟಿಗೆ ಹಿಡಿದು ಕೆರೆಗೆ ಹೋದೆ. ನೀನು ಕೂರುತ್ತಿದ್ದ ಬಂಡೆ ಕಾದಿತ್ತು. ಫೋಟೊಗಳಲ್ಲಿ ಬಂಡೆಯ ನೆರಳು ಯಾವಾಗಲೂ ಕಪ್ಪು. ಅಲ್ಲಿ ಅದು ನೇರಳೆ ಬಣ್ಣಕ್ಕಿತ್ತು, ಅಪ್ಪಾ. ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ.

ಸಂಜೆ ಗಾಳಿ ಎದ್ದಿತು. ನಾನು ಬಿಡಿಸುತ್ತಿದ್ದ ಹಸಿ ಚಿತ್ರವನ್ನು ಮುಚ್ಚಲಿಲ್ಲ. ಬಂಡೆಯ ಒಂದು ಬದಿಗೆ ಸರಿದು ಕೂತೇ ಇದ್ದೆ, ಇನ್ನೊಬ್ಬರಿಗೆ ಜಾಗ ಬಿಟ್ಟು.

ನಿನ್ನ
ಲಲಿತಾ